ಊರಿನ ಹೆಸರಿಲ್ಲದ ಬಾಟಲಿ

ತಮ್ಮನ ಹೆಂಡತಿ ಫೋನ್ ಮಾಡಿದಾಗ ಮೇಷ್ಟ್ರು ಅಡುಗೆಮನೆಯ ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದರು. ಆಕೆ ಸುತ್ತಿ ಬಳಸಿ ಮಾತಾಡುವವಳಲ್ಲ. ಮಗಳ ಮದುವೆ ಹತ್ತಿರ ಬಂತು. ಅವಳು ಹುಟ್ಟಿದ ವರ್ಷದ ವೈನನ್ನು ಮದುವೆಯ ಊಟಕ್ಕೆ ತೆಗೆಯಬೇಕೆಂದು ಅವಳಪ್ಪ ಜೋಪಾನವಾಗಿ ಎತ್ತಿಟ್ಟಿದ್ದ. ಆದರೆ ನೆಲಮಾಳಿಗೆಯ ಗೋಡೆ ರಿಪೇರಿ ಮಾಡಲು ಬಂದ ಕೆಲಸಗಾರರು ಎಲ್ಲ ಬಾಟಲಿಗಳನ್ನೂ ಒಂದೇ ಕಡೆ ರಾಶಿ ಹಾಕಿ ಹೋಗಿದ್ದಾರೆ. ಲೇಬಲ್ಲುಗಳೆಲ್ಲ ಒಂದೇ ತರಹ. ಯಾವುದರ ಮೇಲೂ ವರ್ಷವಿಲ್ಲ.

"ನೀವೇ ಬಂದು ಹುಡುಕಿ ಕೊಡ್ಬೇಕು ಭಾವ. ಅವರಿದ್ದಿದ್ರೆ ಕಣ್ಣು ಮುಚ್ಕೊಂಡು ಕೈ ಹಾಕಿ ತೆಗೀತಿದ್ರು."

ಬರ್ತೀನಮ್ಮ ಅಂದು ಮೇಷ್ಟ್ರು ಫೋನ್ ಇಟ್ಟರು. ಕನ್ನಡಕ ಆಗಲೇ ಚೊಕ್ಕಟವಾಗಿತ್ತು. ಆದರೂ ಇನ್ನೊಂದು ಸಲ ಒರೆಸಿದರು. ಆ ಕೆಲಸಕ್ಕೆ ದ್ರಾಕ್ಷಿ ಬೆಳೆಯುವ ಆ ಇಡೀ ಕಣಿವೆಯಲ್ಲಿ ಅವರಿಗಿಂತ ತಕ್ಕವರು ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವರಿಗಿಂತ ತಕ್ಕವರಲ್ಲದವರೂ ಇಲ್ಲ ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

ಮೇಷ್ಟ್ರು ಎಂದು ಊರೆಲ್ಲ ಕರೆದರೂ ಪಾಠ ಹೇಳುವುದು ಅವರ ಮುಖ್ಯ ಉದ್ಯೋಗವಾಗಿರಲಿಲ್ಲ. ರಸಾಯನಶಾಸ್ತ್ರ ಓದಿ, ದ್ರಾಕ್ಷಿ ಬೆಳೆಗಾರರ ಮಂಡಳಿಯ ಪ್ರಯೋಗಾಲಯಕ್ಕೆ ಸೇರಿ, ಅಲ್ಲೇ ನಿವೃತ್ತರಾದವರು. ಬೆಳೆಗಾರರು ತಂದುಕೊಟ್ಟ ವೈನಿನಲ್ಲಿ ಹುಳಿ ಎಷ್ಟು, ಆಲ್ಕೋಹಾಲ್ ಎಷ್ಟು, ಕೆಡದಿರಲೆಂದು ಹಾಕಿದ ಗಂಧಕ ಎಷ್ಟು ಎಂದು ಅಳೆಯುವುದು ಅವರ ದಿನದ ಕೆಲಸ. ಬಿಳಿ ಹೆಂಚಿನ ಗೋಡೆ, ಉದ್ದನೆಯ ಕಲ್ಲಿನ ಮೇಜು, ಸಾಲಾಗಿ ನಿಂತ ಗಾಜಿನ ಬ್ಯುರೆಟ್ಟುಗಳು, ಮೂಲೆಯಲ್ಲಿ ಸದಾ ಜಿನುಗುವ ನಲ್ಲಿ. ಬ್ಯುರೆಟ್ಟಿನ ಅಂಕಿ ಓದುವಾಗ ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ಓದಬೇಕು, ಮೇಲಿಂದಲೋ ಕೆಳಗಿಂದಲೋ ನೋಡಿದರೆ ತಪ್ಪಾಗುತ್ತದೆ. ಈ ಅಭ್ಯಾಸ ಅವರ ಮೈಗೆ ಎಷ್ಟು ಹತ್ತಿತ್ತೆಂದರೆ ಮನೆಯಲ್ಲಿ ಹಾಲು ಅಳೆಯುವಾಗಲೂ ಮೊಣಕಾಲು ಬಗ್ಗಿಸುತ್ತಿದ್ದರು. "ಹಾಲಿಗೆ ನಮಸ್ಕಾರ ಮಾಡಿದ್ದಾಯ್ತಾ? ಇನ್ನು ಕಾಯಿಸ್ಲಾ?" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಶನಿವಾರ ಮಧ್ಯಾಹ್ನ ಮಾತ್ರ ಅವರು ನಿಜವಾಗಿಯೂ ಮೇಷ್ಟರಾಗುತ್ತಿದ್ದರು. ಹೋಟೆಲ್ ಕೆಲಸ ಕಲಿಸುವ ಶಾಲೆಯಲ್ಲಿ, ಬಾಟಲಿಯ ಲೇಬಲ್ ಓದುವುದು ಹೇಗೆಂದು ಪಾಠ. ಮೇಜಿನ ಮೇಲೆ ಖಾಲಿ ಬಾಟಲಿಗಳನ್ನು ಸಾಲಾಗಿ ಇಡುವರು. ಬೋರ್ಡಿನ ಮೇಲೆ ಮೂರು ಮೆಟ್ಟಿಲು ಬರೆಯುವರು. ಕೆಳಗಿನ ಮೆಟ್ಟಿಲು ಟೇಬಲ್ ವೈನ್. ಕೆಂಪೋ ಬಿಳಿಯೋ ಅನ್ನುವುದರಾಚೆ ಅದು ತನ್ನ ಬಗ್ಗೆ ಹೆಚ್ಚು ಹೇಳಿಕೊಳ್ಳುವಂತಿಲ್ಲ. ಅಂದಿನ ಕಾನೂನಿನಲ್ಲಿ ದ್ರಾಕ್ಷಿಯ ತಳಿ, ಬೆಳೆದ ವರ್ಷ, ಎರಡನ್ನೂ ಅದರ ಮೇಲೆ ಬರೆಯುವಂತಿರಲಿಲ್ಲ. ನಡುವಿನ ಮೆಟ್ಟಿಲಿಗೆ ಒಂದು ದೊಡ್ಡ ಸೀಮೆಯ ಹೆಸರು. ಮೇಲಿನ ಮೆಟ್ಟಿಲಿಗೆ ಊರಿನದೇ ಹೆಸರು. ಆ ಹೆಸರು ಬೇಕಾದರೆ ಯಾವ ತಳಿ ನೆಡಬೇಕು, ಒಂದು ತುಂಡು ನೆಲದಿಂದ ಎಷ್ಟಕ್ಕಿಂತ ಹೆಚ್ಚು ಬೆಳೆಯಬಾರದು, ಎಷ್ಟು ಕಾಲ ಮಾಗಿಸಬೇಕು, ಎಲ್ಲಕ್ಕೂ ನಿಯಮ. ಇಷ್ಟಾದ ಮೇಲೂ ಪ್ರಯೋಗಾಲಯದ ಪರೀಕ್ಷೆ, ಆಮೇಲೆ ರುಚಿ ನೋಡುವವರ ಪರೀಕ್ಷೆ.

ಪಾಠದ ನಡುವೆ ಒಂದು ಬಾಟಲಿ ಎತ್ತಿ, ಇದರ ಮೇಲೆ ರಿಸರ್ವ್ ಎಂದಿದೆ, ಏನರ್ಥ ಎಂದು ಕೇಳುವರು. ಒಳ್ಳೇದು ಅಂತ ಸಾರ್, ಎನ್ನುವರು ಕಲಿಯುವವರು.

"ಯಾವ ದೇಶದ್ದು ಅಂತ ಮೊದಲು ನೋಡ್ರಪ್ಪ. ಸ್ಪೇನಿನ ಕೆಂಪು ವೈನ್ ಆದ್ರೆ ಮೂರು ವರ್ಷ ಮಾಗ್ಸಿರ್ಬೇಕು, ಅದ್ರಲ್ಲಿ ಒಂದು ವರ್ಷ ಮರದ ಪೀಪಾಯೀಲಿ. ಅಲ್ಲಿ ಅದು ಕಾನೂನು. ಫ್ರಾನ್ಸಿಂದಾದ್ರೆ? ಅಂಗಡಿಯವನು ಬೋರ್ಡ್ ಮೇಲೆ 'ಸುಪ್ರಸಿದ್ಧ' ಅಂತ ಬರೆಸ್ಕೊಂಡ ಹಾಗೆ. ಯಾರೂ ತಡೆಯಲ್ಲ."

ಗ್ರಾಂ ಕ್ರೂ ಎಂಬ ಪದವಿ ಬರ್ಗಂಡಿಯಲ್ಲಿ ಹೊಲಕ್ಕೆ ಸಿಗುವಂಥದ್ದು, ಷಾಂಪೇನಿನಲ್ಲಿ ಇಡೀ ಹಳ್ಳಿಗೆ, ಬೋರ್ಡೋದಲ್ಲಿ ತೋಟದ ಮನೆತನಕ್ಕೆ ಎಂದು ವಿವರಿಸುವರು. ಜರ್ಮನಿಯ ಬಾಟಲಿಯ ಮೇಲಿನ ಸ್ಪೆಟ್‌ಲೇಸ ಎಂಬ ಮಾತು, ಕೊಯ್ಯುವಾಗ ಹಣ್ಣು ಎಷ್ಟು ಮಾಗಿತ್ತು ಎಂದು ಹೇಳುತ್ತದೆಯೇ ಹೊರತು ಬಾಟಲಿಯಲ್ಲಿ ಸಿಹಿ ಉಳಿದಿದೆಯೇ ಎಂದು ಹೇಳುವುದಿಲ್ಲ. ಪಕ್ಕದಲ್ಲಿ ಟ್ರೋಕನ್ ಎಂದಿದ್ದರೆ ಸಿಹಿಯಿಲ್ಲ ಎಂದು ತಿಳಿಯಬೇಕು. ನೊರೆಯ ವೈನಿನಲ್ಲಿ ಎಕ್ಸ್‌ಟ್ರಾ ಡ್ರೈ ಅಂದದ್ದು ಬ್ರೂಟ್ ಅಂದದ್ದಕ್ಕಿಂತ ಸಿಹಿ. ಹಿಂದೊಮ್ಮೆ ಹೆಸರು ನಂಬಿ ಅದನ್ನೇ ತಂದಿಟ್ಟ ಒಬ್ಬ ವೇಟರ್, ಸಿಹಿ ಬೇಡವೆಂದಿದ್ದ ಗಿರಾಕಿಯಿಂದ ಬೈಸಿಕೊಂಡ ಕಥೆ ಪ್ರತಿ ವರ್ಷವೂ ಬರುತ್ತಿತ್ತು. "ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ಹೆಸರು ಏನು ಭರವಸೆ ಕೊಡುತ್ತೆ, ಏನು ಕೊಡಲ್ಲ, ಅಷ್ಟು ತಿಳ್ಕೊಂಡ್ರೆ ನೀವು ಪಾಸು" ಎಂದು ಪಾಠ ಮುಗಿಸುವರು.

ಅಪ್ಪ ಬಿಟ್ಟುಹೋದ ದ್ರಾಕ್ಷಿ ತೋಟವನ್ನು ತಮ್ಮ ನೋಡಿಕೊಂಡ. ಅಣ್ಣ ಓದಿದ, ತಮ್ಮ ದುಡಿದ. ಅದರ ಬಗ್ಗೆ ಇಬ್ಬರ ನಡುವೆ ಎಂದೂ ಒಂದು ಮಾತು ಬರಲಿಲ್ಲ. ತೋಟದ ಉತ್ತರಕ್ಕೆ ಇಳಿಜಾರಿನ ಒಂದು ತುಂಡಿತ್ತು. ಬಿಸಿಲು ಕಡಿಮೆ, ಕಲ್ಲು ಹೆಚ್ಚು. ಅಪ್ಪ ಅದನ್ನು ತಣ್ಣಗಿನ ತುಂಡು ಎಂದು ಕರೆಯುತ್ತಿದ್ದರು. ಚಿಕ್ಕವರಿದ್ದಾಗ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಣ್ಣತಮ್ಮಂದಿರು ಓಡಿಹೋಗಿ ಮಲಗುತ್ತಿದ್ದದ್ದು ಅಲ್ಲೇ. ಕಲ್ಲಿನ ಸಂದಿಯಲ್ಲಿ ಒಂದು ಬಗೆಯ ಸಣ್ಣ ಎಲೆಯ ಗಿಡ ಬೆಳೆಯುತ್ತಿತ್ತು. ಬೆನ್ನಡಿಯಲ್ಲಿ ಅದು ಜಜ್ಜಿದಾಗ ಬರುತ್ತಿದ್ದ ವಾಸನೆಗೆ ಹೆಸರಿರಲಿಲ್ಲ. ಒದ್ದೆ ಕಲ್ಲು, ಹಸಿ ಎಲೆ, ಇನ್ನೂ ಏನೋ. ಕಣಿವೆಯಲ್ಲಿ ಬೇರೆಲ್ಲೂ ಆ ವಾಸನೆಯಿಲ್ಲ.

ಆ ತುಂಡಿನ ಹಣ್ಣನ್ನು ಅಪ್ಪನ ಕಾಲದಿಂದಲೂ ಬೇರೆ ಹಣ್ಣಿನ ಜೊತೆ ಬೆರೆಸಿಬಿಡುತ್ತಿದ್ದರು. ಮಗಳು ಹುಟ್ಟಿದ ವರ್ಷ ತಮ್ಮನಿಗೆ ಏನನ್ನಿಸಿತೋ, ಅದನ್ನೇ ಬೇರೆ ಮಾಡಿ ವೈನ್ ಇಳಿಸಿದ. ಮರದ ಪೀಪಾಯಿಗೆ ಹಾಕಲಿಲ್ಲ. ಅಪ್ಪನ ಕಾಲದ ಸಿಮೆಂಟ್ ತೊಟ್ಟಿಯಲ್ಲೇ ಬಿಟ್ಟ. ತಿಳಿಗೆಂಪು ಬಣ್ಣ, ಚುರುಕು ಹುಳಿ. ಊರಿನ ಹೆಸರಿಗೆ ಅರ್ಜಿ ಹಾಕಿದ. ಹೆಸರು ಸಿಕ್ಕರೆ ವರ್ಷ ಬರೆಯಬಹುದು. ವರ್ಷ ಬರೆದರೆ ಅದು ಮಗಳ ವೈನ್ ಆಗುತ್ತದೆ. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ತೊಟ್ಟಿಲ ಪಕ್ಕ ನಿಂತು, "ನಿನ್ನ ಮದುವೇಲಿ ಇದನ್ನ ಕುಡೀತೀವಿ ಕಣೇ, ಅಲ್ಲೀವರೆಗೂ ಅಳ್ಬೇಡ" ಎಂದು ಹೇಳುತ್ತಿದ್ದನಂತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಇವನಿಗೆ ಹೆಗ್ಗಣವೂ ಮುದ್ದು ಹೆಗ್ಗಣದ ವೈನೂ ಮುದ್ದು ಎಂದು ಮೇಷ್ಟರ ಹೆಂಡತಿ ನಗೆಯಾಡಿದ್ದಳು.

ರುಚಿ ನೋಡುವ ಮಂಡಳಿಯಲ್ಲಿ ಐವರು. ಅವತ್ತು ಒಬ್ಬರಿಗೆ ಹುಷಾರಿರಲಿಲ್ಲ. ಅಂಥ ದಿನಗಳಲ್ಲಿ ಪ್ರಯೋಗಾಲಯದ ತಜ್ಞರೇ ಆ ಕುರ್ಚಿಯಲ್ಲಿ ಕೂರುವುದು ರೂಢಿ. ಲೋಟಗಳ ಮೇಲೆ ಸಂಖ್ಯೆ ಮಾತ್ರ. ಗೋಡೆಯ ಮೇಲೆ ಊರಿನ ವೈನ್ ಹೇಗಿರಬೇಕು ಎಂಬ ವಿವರಣೆಯನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು: ಗಾಢ ಬಣ್ಣ, ಬಾಯಿ ತುಂಬುವ ಮೈ, ಕಪ್ಪು ಹಣ್ಣಿನ ವಾಸನೆ, ಪೀಪಾಯಿಯ ಮರದ ಸುಳಿವು.

ಒಂದು ಲೋಟವನ್ನು ಮೂಗಿನ ಬಳಿ ತಂದದ್ದೇ ತಡ, ಮೇಷ್ಟರ ಬೆನ್ನಿನ ಕೆಳಗೆ ಕಲ್ಲು ಒತ್ತಿದಂತಾಯಿತು. ತಣ್ಣಗಿನ ತುಂಡು. ಅನುಮಾನವೇ ಇಲ್ಲ. ಲೋಟ ಕೆಳಗಿಟ್ಟರು, ಮತ್ತೆ ಎತ್ತಿದರು. ಆ ನೆಲದ ಮೇಲೆ ಅಪ್ಪ ನಡೆದ ಸದ್ದೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು.

ಎದ್ದು ನಿಂತು, ಇದು ಯಾರದೆಂದು ನನಗೆ ಗೊತ್ತು, ನಾನು ಇದಕ್ಕೆ ಅಂಕ ಕೊಡುವಂತಿಲ್ಲ ಎನ್ನಬಹುದಿತ್ತು. ನಿಯಮದಲ್ಲೇ ಅದಕ್ಕೆ ಅವಕಾಶವಿತ್ತು. ಆದರೆ ಹಾಗೆ ಹೇಳಿದರೆ ಸಂಖ್ಯೆಯ ಗುಟ್ಟು ಒಡೆಯುತ್ತದೆ, ಉಳಿದ ನಾಲ್ವರ ತೀರ್ಪೂ ಕೆಡುತ್ತದೆ ಎಂದು ಯೋಚಿಸಿದರು. ತಮ್ಮನ ವೈನಿಗೆ ಅಣ್ಣ ಹೆಸರು ಕೊಟ್ಟ ಎಂದು ನಾಳೆ ಯಾರಾದರೂ ಆಡಿಕೊಂಡಾರು ಎಂದೂ ಯೋಚಿಸಿದರು. ಈ ಎರಡು ಯೋಚನೆಗಳಲ್ಲಿ ಯಾವುದು ಎಷ್ಟು ಪಾಲು ಎಂದು ಅವರು ಆಮೇಲೆ ಬಿಡಿಸಿ ನೋಡಲು ಪ್ರಯತ್ನಿಸಿದ್ದುಂಟು. ನೀರು ಮತ್ತು ಆಲ್ಕೋಹಾಲಿನ ಹಾಗೆ, ಎಷ್ಟು ಸಲ ಬಟ್ಟಿ ಇಳಿಸಿದರೂ ಅವು ಪೂರ್ತಿ ಬೇರಾಗಲಿಲ್ಲ.

ಗೋಡೆಯ ಮೇಲಿನ ವಿವರಣೆಯನ್ನು ಸಾಲು ಸಾಲಾಗಿ ಲೋಟದ ಜೊತೆ ಹೋಲಿಸಿದರು. ಬಣ್ಣ ತಿಳಿ. ಮೈ ಸಣ್ಣ. ಮರವಿಲ್ಲ. ಹಾಳೆಯ ಮೇಲೆ ಬರೆದರು: ದೋಷವಿಲ್ಲ, ಊರಿನ ಲಕ್ಷಣವಿಲ್ಲ. ಉಳಿದ ನಾಲ್ವರಲ್ಲಿ ಇಬ್ಬರು ಹೌದೆಂದಿದ್ದರು, ಇಬ್ಬರು ಇಲ್ಲವೆಂದಿದ್ದರು.

ಊರಿನ ಯಾವ ಇಳಿಜಾರಿನ ಯಾವ ತುಂಡಿನದೆಂದು ಒಂದೇ ಉಸಿರಿಗೆ ಗುರುತಿಸಿದ ವೈನಿನ ಬಗ್ಗೆ, ಇದರಲ್ಲಿ ಊರಿಲ್ಲ ಎಂದು ತಾವು ಬರೆದಿದ್ದೇವೆ ಎಂಬುದು ಅವರಿಗೆ ಹೊಳೆದದ್ದು ಮನೆಗೆ ನಡೆದು ಹೋಗುವಾಗ, ಬೇಕರಿಯ ತಿರುವಿನಲ್ಲಿ. ಒಂದು ಗಳಿಗೆ ಅಲ್ಲೇ ನಿಂತರು. ಆಮೇಲೆ, ನಿಯಮ ಕೇಳಿದ ಪ್ರಶ್ನೆಗೆ ನಿಯಮ ಕೇಳಿದ ಉತ್ತರ ಕೊಟ್ಟಿದ್ದೇನೆ ಎಂದು ಸಮಾಧಾನ ಮಾಡಿಕೊಂಡು ಬ್ರೆಡ್ ತೆಗೆದುಕೊಂಡು ಹೋದರು.

ಅರ್ಜಿ ಬಿದ್ದುಹೋಗಿದೆ ಎಂಬ ಫಲಿತಾಂಶ ಬಂದ ವಾರ ತಮ್ಮ ಊಟಕ್ಕೆ ಬಂದಿದ್ದ. ಮುಖ ಬಾಡಿರಲಿಲ್ಲ, ಆದರೆ ಬಡಿಸಿದ್ದನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸುತ್ತಿದ್ದ.

"ಅಣ್ಣ, ಅವತ್ತು ನೀನೂ ಕೂತಿದ್ಯಂತೆ. ನನ್ನದು ನಿನ್ನ ಲೋಟಕ್ಕೂ ಬಂದಿತ್ತಾ?"

"ಬಂದಿರ್ಬೇಕು. ನಂಬರ್ ಅಷ್ಟೇ ಇರೋದಲ್ವಾ. ಯಾರದು ಅಂತ ಗೊತ್ತಾಗಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಅಕ್ಷರ ಅಕ್ಷರ ನೋಡಿದರೆ ಸುಳ್ಳಲ್ಲ. ಲೋಟದ ಮೇಲೆ ನಂಬರ್ ಅಷ್ಟೇ ಇತ್ತು. ತಮ್ಮ ತಟ್ಟೆಯಿಂದ ತಲೆಯೆತ್ತಿ ಅಣ್ಣನ ಮುಖವನ್ನೇ ನೋಡಿದ.

"ಗೊತ್ತಾಗ್ಲಿಲ್ವಾ?"

"ಇಲ್ಲ."

"ಹಾಗಾದ್ರೆ ಸರಿ" ಎಂದು ತಮ್ಮ ಊಟ ಮುಗಿಸಿದ. ತಿಂಗಳೊಳಗೆ ಮರುಪರೀಕ್ಷೆ ಕೇಳುವ ಹಕ್ಕಿತ್ತು. ಅವನು ಕೇಳಲಿಲ್ಲ. ಕೇಳು ಎಂದು ಅಣ್ಣನೂ ಹೇಳಲಿಲ್ಲ. ಮುಂದೆ ಯಾವ ವರ್ಷವೂ ಅವನು ಆ ತುಂಡಿನ ಹಣ್ಣನ್ನು ಬೇರೆಯಾಗಿ ಇಳಿಸಲಿಲ್ಲ, ಊರಿನ ಹೆಸರಿಗೆ ಅರ್ಜಿ ಹಾಕಲಿಲ್ಲ.

ತಣ್ಣಗಿನ ತುಂಡಿನ ವೈನ್ ಟೇಬಲ್ ವೈನಾಗಿ ಮಾರಾಟವಾಯಿತು. ಬಿಳಿ ಲೇಬಲ್ಲು, ಅದರ ಮೇಲೆ ಕೆಂಪು ವೈನ್ ಎಂಬ ಎರಡು ಪದ, ಕೆಳಗೆ ಸಣ್ಣದಾಗಿ ಬಾಟಲಿಗೆ ತುಂಬಿದವನ ಹೆಸರು. ವಿಳಾಸದಲ್ಲಿ ಊರಿನ ಹೆಸರೂ ಇಲ್ಲ. ಊರಿನ ಹೆಸರೇ ವೈನಿನ ಪದವಿಯಾದ ಕಡೆ, ಕೆಳಮೆಟ್ಟಿಲಿನವರು ವಿಳಾಸದಲ್ಲೂ ಅದನ್ನು ಬರೆಯುವಂತಿಲ್ಲ. ಅದರ ಬದಲು ಅಂಚೆಯ ಸಂಖ್ಯೆ ಹಾಕಬೇಕು. ಆ ಊರಿನಲ್ಲೇ ಹುಟ್ಟಿ, ಆ ಊರು ಬಿಟ್ಟು ಎಲ್ಲೂ ಹೋಗದ ತಮ್ಮನ ಬಾಟಲಿಯ ಮೇಲೆ ಊರು ಒಂದು ನಂಬರಾಗಿ ಕೂತಿತು. ಮುಂದಿನ ವರ್ಷಗಳ ವೈನಿನಲ್ಲಿ ಮಾತ್ರ ಅವನು ಪ್ರತಿ ಸಲ ಅಣ್ಣನ ಮನೆಗೆ ಬಾಟಲಿ ತಂದುಕೊಡುತ್ತಿದ್ದ. ಚೆನ್ನಾಗಿದೆ ಎನ್ನುತ್ತಿದ್ದರು ಮೇಷ್ಟ್ರು. ಅದಕ್ಕಿಂತ ಹೆಚ್ಚು ಹೇಳಲು ನಾಲಿಗೆ ಹೊರಳುತ್ತಿರಲಿಲ್ಲ. ಚೆನ್ನಾಗಿದೆ ಎನ್ನುವುದಕ್ಕೆ ತಮ್ಮನೂ ಹೂಂ ಎನ್ನುತ್ತಿದ್ದ. ಅಣ್ಣತಮ್ಮಂದಿರು ಹವಾಮಾನದ ಬಗ್ಗೆ, ಮಂಡಿನೋವಿನ ಬಗ್ಗೆ ಬೇಕಾದಷ್ಟು ಮಾತಾಡಿದರು.

ಕಾಲ ಕಳೆದಂತೆ ಜನರ ನಾಲಿಗೆ ಬದಲಾಯಿತು. ಮರದ ವಾಸನೆಯ ಭಾರದ ವೈನು ಬೇಸರ ತರಿಸಿ, ತಿಳಿಯಾದದ್ದೇ ಬೇಕು ಎನ್ನತೊಡಗಿದರು. ಗೋಡೆಯ ಮೇಲಿನ ವಿವರಣೆಯನ್ನು ಮಂಡಳಿ ತಿದ್ದಿತು. ತಿಳಿಗೆಂಪು ಎಂಬ ಪದವೂ ಅದರೊಳಗೆ ಬಂತು. ಕಾನೂನೂ ಬದಲಾಯಿತು. ಮೆಟ್ಟಿಲುಗಳ ಹೆಸರು ಹೊಸದಾದವು, ಕೆಳಗಿನ ಮೆಟ್ಟಿಲಿನವರೂ ಒಂದಿಷ್ಟು ಕಾಗದಪತ್ರ ಕೊಟ್ಟರೆ ತಳಿ ಮತ್ತು ವರ್ಷ ಬರೆದುಕೊಳ್ಳಬಹುದು ಎಂದಾಯಿತು. ಮೇಷ್ಟ್ರು ಸುದ್ದಿ ಹೇಳಲೆಂದು ತಾವೇ ತೋಟಕ್ಕೆ ನಡೆದು ಹೋದರು. ತಮ್ಮ ಬಳ್ಳಿ ಕಟ್ಟುತ್ತಿದ್ದ. ಕೇಳಿಸಿಕೊಂಡು, ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದ.

"ಈಗ್ಯಾಕಣ್ಣ? ಅವಳು ಹುಟ್ಟಿದ ವರ್ಷ ತಿರುಗಿ ಬರುತ್ತಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರು ಬಹುಶಃ ಅವತ್ತೇ ಬಾಯಿ ಬಿಡುತ್ತಿದ್ದರು. ಮೋಡ ಕವಿದಿದೆ, ಬೇಗ ಮನೆ ಸೇರ್ಕೋ ಎಂದು ತಮ್ಮ ಹೇಳಿದ, ಅವರು ಹಿಂದಿರುಗಿದರು. ಹೇಳಿದರಾಯಿತು, ಎಲ್ಲಿ ಹೋಗ್ತಾನೆ ಎಂದುಕೊಂಡರು. ಬಳ್ಳಿ ಸವರುವ ಕಾಲದ ಒಂದು ಬೆಳಗ್ಗೆ ತಮ್ಮ ತೋಟದಲ್ಲೇ ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

ಮೇಷ್ಟ್ರು ನೆಲಮಾಳಿಗೆಗೆ ಇಳಿದಾಗ ಬೆಳಗ್ಗೆಯ ಬೆಳಕು ಮೆಟ್ಟಿಲ ಅರ್ಧದವರೆಗೆ ಬಂದಿತ್ತು. ಹೊಸ ಗಾರೆಯ ವಾಸನೆ. ಮೂಲೆಯಲ್ಲಿ ಸಿಮೆಂಟ್ ತೊಟ್ಟಿ, ಗೋಡೆಗೆ ತಗುಲಿ ಹಾಕಿದ್ದ ತಮ್ಮನ ಚರ್ಮದ ಏಪ್ರನ್ನು. ತಮ್ಮನ ಹೆಂಡತಿ ಮೇಜಿನ ಮೇಲೆ ಬಟ್ಟೆ ಹಾಸಿ, ದೀಪ ತಂದಿಟ್ಟಳು. ಪ್ರತಿ ವರ್ಷದ್ದೂ ಎರಡೆರಡು ಬಾಟಲಿ ಎತ್ತಿಡುವುದು ಅವನ ಪದ್ಧತಿ ಎಂದು ಆಕೆ ಹೇಳಿದಳು. ಒಂದರ ಕಾರ್ಕ್ ಕೈಕೊಟ್ಟರೆ ಇನ್ನೊಂದಿರಲಿ ಎಂದು.

ಅದು ಕೇಳಿ ಮೇಷ್ಟರಿಗೆ ದಾರಿ ಕಂಡಿತು. ತೆರೆಯದೆ ತಿಳಿಯುವುದಿಲ್ಲ, ತೆರೆದರೆ ಮದುವೆಗೆ ಉಳಿಯುವುದಿಲ್ಲ. ಆದರೆ ಮೊದಲು ಜೋಡಿ ಹೊಂದಿಸಿದರೆ, ಒಂದನ್ನು ತೆರೆದು ನೋಡಿ ಇನ್ನೊಂದನ್ನು ಉಳಿಸಬಹುದು. ಒಂದೇ ದಿನ ತುಂಬಿದ ಬಾಟಲಿಗಳ ಗಾಜು ಒಂದೇ ಅಚ್ಚಿನದಾಗಿರುತ್ತದೆ. ಪ್ರತಿ ಬಾಟಲಿಯ ತಳವನ್ನೂ ಬೆರಳಿಂದ ಸವರಿ ಕಾರ್ಖಾನೆಯ ಗುರುತು ನೋಡಿದರು. ಕತ್ತಿನ ಹಿಂದೆ ದೀಪ ಹಿಡಿದು, ಮೊಣಕಾಲು ಬಗ್ಗಿಸಿ, ಕಣ್ಣನ್ನು ವೈನಿನ ಮಟ್ಟಕ್ಕೇ ತಂದು ಎಷ್ಟು ಇಳಿದಿದೆ ಎಂದು ಅಳೆದರು. ಬಣ್ಣ ಇಟ್ಟಿಗೆಯ ಕಡೆಗೆ ಎಷ್ಟು ತಿರುಗಿದೆ, ತಳದಲ್ಲಿ ಗಸಿ ಎಷ್ಟಿದೆ, ಕತ್ತಿನ ತಗಡು ಯಾವ ಬಗೆಯದು. ತೀರ ಎಳೆಯವನ್ನು ಬದಿಗೆ ಸರಿಸಿದರು. ಜೋಡಿ ಸೇರದ ಒಂದೆರಡನ್ನೂ ಬಿಟ್ಟರು. ಕೊನೆಗೆ ಮೇಜಿನ ಮೇಲೆ ನಾಲ್ಕು ಜೋಡಿ ಉಳಿದವು.

"ಇವರೂ ಹೀಗೇ ಬಗ್ಗಿ ನೋಡ್ತಿದ್ರು" ಎಂದಳು ಆಕೆ. "ಅಣ್ಣನ ಹತ್ರ ಕಲ್ತಿದ್ದು ಅಂತಿದ್ರು."

ಮೊದಲ ಜೋಡಿಯ ಒಂದು ಬಾಟಲಿ ತೆರೆದರು. ಮೂಸಿದರು. ಬಿಸಿಲಿನ ವರ್ಷದ ವೈನ್, ದಣಿದು ಮಲಗಿತ್ತು. ಅಲ್ಲ. ಎರಡನೆಯದರ ಕಾರ್ಕ್ ಪುಡಿಪುಡಿಯಾಗಿ ಬಂತು. ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಹಾಕಿ, ಮೂಗಿನ ಬಳಿ ತಂದರು.

ಲೋಟ ಹಾಗೇ ನಿಂತಿತು. ಒದ್ದೆ ಕಲ್ಲು, ಜಜ್ಜಿದ ಎಲೆ. ಹಣ್ಣಿನ ವಾಸನೆ ಮುಕ್ಕಾಲು ಪಾಲು ಹೋಗಿತ್ತು, ನೆಲದ ವಾಸನೆ ಮಾತ್ರ ಉಳಿದಿತ್ತು. ಇಷ್ಟು ತಿಳಿಯಾದ ವೈನ್ ಇಷ್ಟು ಕಾಲ ಬದುಕಿದ್ದು ಆ ಹುಳಿಯ ಬಲದಿಂದ. ಆ ವರ್ಷ ಊರಿನ ಹೆಸರು ಗಿಟ್ಟಿಸಿಕೊಂಡ ಗಾಢ ವೈನುಗಳಲ್ಲಿ ಕುಡಿಯುವಂತೆ ಉಳಿದ ಒಂದು ಬಾಟಲಿಯೂ ಇಲ್ಲವೆಂದು ಮೇಷ್ಟರಿಗೆ ಗೊತ್ತಿತ್ತು. ಒಂದು ಗುಟುಕು ಕುಡಿದರು. ಪರೀಕ್ಷೆಯಲ್ಲಿ ಮಾಡುವ ಹಾಗೆ ಉಗುಳಲಿಲ್ಲ.

"ಇದೇ" ಎಂದು, ಜೋಡಿಯ ಇನ್ನೊಂದು ಬಾಟಲಿಯನ್ನು ಎತ್ತಿ ಆಕೆಯ ಮುಂದಿಟ್ಟರು.

ಆಕೆ ಅದನ್ನು ಮುಟ್ಟಲಿಲ್ಲ. ಉಳಿದ ಜೋಡಿಗಳನ್ನು ನೋಡಿದಳು.

"ಇನ್ನೆರಡು ತೆಗೆದೇ ಇಲ್ವಲ್ಲ ಭಾವ. ಅದು ಹೇಗೆ ಇದೇ ಅಂತ ಹೇಳ್ತೀರಿ? ನಾಳೆ ಅವಳು ಅಪ್ಪನ ವೈನು ಅಂತ ಎಲ್ಲರೆದುರು ಕುಡೀತಾಳೆ. ಅಂದಾಜಿನ ಮೇಲೆ ಕೊಟ್ರೆ ನಾನು ಒಪ್ಪಲ್ಲ."

ಗಾಜಿನ ಅಚ್ಚು ಹೇಳುತ್ತದೆ, ವೈನಿನ ಮಟ್ಟ ಹೇಳುತ್ತದೆ ಎಂದು ಅವರು ಶುರು ಮಾಡಿದರು. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ಒಂದು ವರ್ಷದ ವೈನನ್ನು ತಮ್ಮ ಮಾರಿದ್ದು ದೂರದ ಗಿರಾಕಿಗಳಿಗೆ. ಅಣ್ಣನ ಮನೆಗೆ ತಂದುಕೊಟ್ಟಿರಲಿಲ್ಲ. ಮೇಷ್ಟ್ರು ಅದನ್ನು ಕುಡಿದದ್ದು ಒಂದೇ ಕಡೆ, ಸಂಖ್ಯೆ ಅಂಟಿಸಿದ ಲೋಟದಲ್ಲಿ. ಇದು ಅದೇ ಎಂದು ಖಚಿತವಾಗಿ ಹೇಳಬೇಕಾದರೆ, ಅವತ್ತು ಗುರುತು ಸಿಕ್ಕಿತ್ತು ಎಂದು ಹೇಳಬೇಕು. ಗುರುತು ಸಿಕ್ಕಿರಲಿಲ್ಲ ಎಂದರೆ, ಈ ಬಾಟಲಿಯೂ ಬರೀ ಅಂದಾಜು.

"ಅವತ್ತು ಪರೀಕ್ಷೆಯಲ್ಲಿ ಕುಡಿದಿದ್ದೆ" ಎಂದರು. "ಇದೇ ವಾಸನೆ. ತಣ್ಣಗಿನ ತುಂಡಿಂದು ಅಂತ ಆಗಲೇ ಗೊತ್ತಾಗಿತ್ತು. ಮೂಸಿದ ತಕ್ಷಣ."

ಆಕೆ ಮೇಜಿನ ಮೇಲೆ ಬಿದ್ದಿದ್ದ ಕಾರ್ಕಿನ ಪುಡಿಯನ್ನು ಅಂಗೈಯಿಂದ ಒಂದೆಡೆ ಗುಡ್ಡೆ ಮಾಡಿದಳು. ತಮ್ಮನಿಗೆ ಗೊತ್ತಿತ್ತು, ಗೊತ್ತಿದ್ದೂ ಹೊಟ್ಟೆಗೆ ಹಾಕಿಕೊಂಡಿದ್ದ ಎಂದು ಆಕೆ ಹೇಳುತ್ತಾಳೆಂದು ಮೇಷ್ಟ್ರು ಕಾದರು. ಇಷ್ಟು ವರ್ಷ ಒಳಗೊಳಗೇ ಅವರು ನಂಬಿಕೊಂಡು ಬಂದದ್ದೂ ಅದನ್ನೇ. ಬುದ್ಧಿವಂತ ತಮ್ಮ, ಅಣ್ಣನ ಮುಖ ನೋಡಿಯೇ ತಿಳಿದುಕೊಂಡಿರುತ್ತಾನೆ, ತಿಳಿದು ಸುಮ್ಮನಾಗಿರುತ್ತಾನೆ.

"ಅವರು ಮತ್ತೆ ಅರ್ಜಿ ಯಾಕೆ ಹಾಕ್ಲಿಲ್ಲ ಅಂತ ನಿಮಗೆ ಗೊತ್ತಾ ಭಾವ?" ಎಂದಳು ಕೊನೆಗೆ. "ನಾನು ಎಷ್ಟು ಸಲ ಜಗಳ ಆಡಿದೀನಿ. ಇನ್ನೊಂದ್ಸಲ ಹಾಕಿ, ಕಾಲ ಬದಲಾಗಿದೆ ಅಂತ. ಅವರು ಒಂದೇ ಮಾತು ಹೇಳೋರು. ಬೇರೆಯವರು ಬೇಡ ಅಂದಿದ್ರೆ ಹತ್ತು ಸಲ ಹಾಕ್ತಿದ್ದೆ ಕಣೇ. ಆದ್ರೆ ಆ ನೆಲದ ಮೇಲೆ ನನ್ನ ಜೊತೆ ಮಲ್ಕೊಂಡು ಬೆಳೆದ ಅಣ್ಣಂಗೇ ಅದು ಗೊತ್ತಾಗ್ಲಿಲ್ಲ. ಅಣ್ಣ ಸುಳ್ಳು ಹೇಳೋನಲ್ಲ. ಅವನ ಮೂಗಿಗೆ ಸಿಗ್ಲಿಲ್ಲ ಅಂದ್ರೆ ಅದ್ರಲ್ಲಿ ಊರಿಲ್ಲ. ನಾನೇ ಏನೋ ಭ್ರಮೆ ಪಟ್ಕೊಂಡಿದ್ದೆ, ಅಂತ."

ತಮ್ಮನ ಕೈ ಕಟ್ಟಿಹಾಕಿದ್ದು ಹಾಳೆಯ ಮೇಲೆ ಬರೆದ ಎರಡು ಸಾಲಲ್ಲ, ಊಟದ ತಟ್ಟೆಯ ಮುಂದೆ ಆಡಿದ ಒಂದು ಇಲ್ಲ ಎಂಬ ಮಾತು. ಹಾಳೆಯದು ಆ ವರ್ಷದ ಹೆಸರನ್ನಷ್ಟೇ ತೆಗೆದಿತ್ತು.

ಮೆಟ್ಟಿಲ ಮೇಲೆ ಮಗಳ ಹೆಜ್ಜೆ ಸದ್ದಾಯಿತು. ತಮ್ಮನ ಹೆಂಡತಿ ಕಣ್ಣು ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: "ಅವಳಿಗೆ ಈಗ ಹೇಳ್ಬೇಡಿ. ಮದುವೆ ಮುಗೀಲಿ." ಆಮೇಲೆ ಬಾಟಲಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಮೇಲೆ ಹೋದಳು. ಅವತ್ತು ಆಕೆ ಅವರಿಗೆ ಕಾಫಿ ಕೊಟ್ಟಳು, ಊಟಕ್ಕೆ ನಿಲ್ಲಿ ಎಂದಳು. ನಿಲ್ಲುವ ಮನಸ್ಸು ಮೇಷ್ಟರಿಗೆ ಬರಲಿಲ್ಲ.

ಮದುವೆಯ ಊಟ ಶಾಲೆಯ ಸಭಾಂಗಣದಲ್ಲಿ. ವಧುವಿನ ಮೇಜಿನ ನಡುವೆ ಬಿಳಿ ಲೇಬಲ್ಲಿನ ಆ ಬಾಟಲಿ ನಿಂತಿತ್ತು. ಬಡಿಸಲು ಬಂದ ಹಿರಿಯ ವೇಟರ್ ಒಂದು ಕಾಲದಲ್ಲಿ ಮೇಷ್ಟರ ಶನಿವಾರದ ಪಾಠ ಕೇಳಿದವನು. ಬಾಟಲಿಯನ್ನು ತಿರುಗಿಸಿ ನೋಡಿದ. ವರ್ಷವಿಲ್ಲ, ತಳಿಯಿಲ್ಲ, ಊರಿಲ್ಲ. ಅಂಚೆಯ ನಂಬರ್ ಒಂದಿದೆ. ಇದೇನು ಸಾರ್, ಕೆಳಮೆಟ್ಟಿಲಿಂದು ಈ ಮೇಜಿಗೆ, ಎಂದು ಅವರ ಕಿವಿಯ ಬಳಿ ನಕ್ಕ. ಮೇಷ್ಟ್ರು ನಗಲಿಲ್ಲ. ಅಲುಗಾಡಿಸದೆ ಸುರಿ, ಗಸಿ ಇದೆ, ಎಂದರು.

ಆ ಮೇಜಿನವರಿಗೆಲ್ಲ ಒಂದೊಂದು ಗುಟುಕು ಬರುವಷ್ಟೇ ಇತ್ತು. ಮಗಳು ಕುಡಿದು, ಕಣ್ಣು ಮುಚ್ಚಿದಳು. ಆಮೇಲೆ ಮೇಷ್ಟರ ಕಡೆ ತಿರುಗಿದಳು.

"ಅಪ್ಪ ಯಾವಾಗ್ಲೂ ಹೇಳೋರು ದೊಡ್ಡಪ್ಪ, ಇದ್ರಲ್ಲಿ ಎಲ್ಲಾ ಇದೆ, ಊರೊಂದಿಲ್ಲ ಅಂತ. ನನಗೇನೋ ನಮ್ಮ ತೋಟದಲ್ಲೇ ನಿಂತ ಹಾಗಾಯ್ತು. ನಿಮಗೆ ಗೊತ್ತಾಗುತ್ತಲ್ವಾ, ನೀವು ಹೇಳಿ. ಊರಿದೆಯಾ ಇದ್ರಲ್ಲಿ?"

ಮೇಜಿನ ಆಚೆ ಬದಿಯಿಂದ ತಮ್ಮನ ಹೆಂಡತಿ ಅವರನ್ನೇ ನೋಡುತ್ತಿದ್ದಳು.

"ಇದೆ ಮಗಳೇ" ಎಂದರು ಮೇಷ್ಟ್ರು. "ನಮ್ಮೂರೇ ಇದೆ. ನಿಮ್ಮ ತಣ್ಣಗಿನ ತುಂಡೇ ಇದೆ."

ಮಗಳು ನಕ್ಕು ಗಂಡನ ಕಡೆ ತಿರುಗಿ, ನೋಡಿ, ನಾನು ಹೇಳಿರ್ಲಿಲ್ವಾ ಎಂದಳು. ವೇಟರ್ ಖಾಲಿ ಬಾಟಲಿ ತೆಗೆದುಕೊಂಡು ಹೋದ. ಮೇಷ್ಟ್ರು ತಮ್ಮ ಲೋಟದ ತಳದಲ್ಲಿ ಉಳಿದ ಹನಿಯನ್ನು ನೋಡುತ್ತ ಕೂತರು. ತಮ್ಮನಿಗೆ ಹೇಳದೇ ಹೋದ ಆ ಮಾತು ಹೇಳುವುದಕ್ಕೆ ಒಂದು ಉಸಿರು ಕೂಡ ಪೂರ್ತಿ ಬೇಕಾಗಿರಲಿಲ್ಲ.